ಆನ್‌ಲೈನ್ ಹಬ್ಬಕ್ಕೆ ಬಾಗಿಲು ಕಾದದ್ದು

ಒಬ್ಬರೇ ಇರುವವರ ಮನೆಯಲ್ಲಿ ನಗುವಂಥದ್ದು ಏನೂ ನಡೆಯೋದಿಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ನಡೆಯುತ್ತಲೇ ಇರುತ್ತದೆ. ತಿರುಗಿ "ನೋಡಿದ್ರಾ?" ಅನ್ನೋಣ ಅಂದರೆ ಪಕ್ಕದಲ್ಲಿ ಯಾರೂ ಇರೋದಿಲ್ಲ, ಅಷ್ಟೆ.

ನಮ್ಮ ಯಜಮಾನರು ಹೋದ ಮೇಲೆ ಅಮೆರಿಕದ ಸ್ಯಾನ್ ಮಟಿಯೋದ ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ. ಆಫೀಸೂ ಮನೆಯಿಂದಲೇ. ಪಕ್ಕದ ಮನೆಯಲ್ಲಿ ಒಬ್ಬ ಬ್ಲ್ಯಾಕ್ ಮಹಿಳೆ, ರಿಟೈರ್ ಆದ ನರ್ಸು. ಅವರೂ ಒಬ್ಬರೇ. ಲಿಫ್ಟಿನಲ್ಲಿ ಕಂಡರೆ ಒಂದು ಹಲೋ, ಅಷ್ಟೇ ಪರಿಚಯ. ಒಂದು ದಿನ ಅದೇ ಲಿಫ್ಟಿನಲ್ಲಿ ಕೇಳಿದರು: "ನಾವೊಂದಿಷ್ಟು ಜನ ಆನ್‌ಲೈನಿನಲ್ಲಿ ಹಬ್ಬ ಮಾಡ್ತಿದ್ದೀವಿ. ಬ್ಲ್ಯಾಕ್ ಜನರ ಸಿನಿಮಾ, ಹಾಡು, ಚಿತ್ರಕಲೆ, ಜೊತೆಗೆ ನೊಂದ ಮನಸ್ಸಿಗೆ ಒಂದಿಷ್ಟು ಆರೈಕೆ. ಬಂದವರನ್ನ ಒಳಗೆ ಬಿಡೋಕೆ ಒಬ್ಬರು ಬೇಕು. ಬರ್ತೀರಾ?"

ಎಲ್ಲಿಗೂ ಹೋಗಬೇಕಿಲ್ಲದ ಹಬ್ಬಕ್ಕೆ "ಬರ್ತೀನಿ" ಅಂದೆ.

ಬಾಗಿಲಲ್ಲಿ

ಲ್ಯಾಪ್‌ಟಾಪಿನಲ್ಲಿ ಬಟನ್ ಒತ್ತಿ ಒಬ್ಬೊಬ್ಬರನ್ನೇ ಒಳಗೆ ಬಿಟ್ಟು "ವೆಲ್‌ಕಮ್" ಅನ್ನೋದು ನನ್ನ ಕೆಲಸ. ಮೈಸೂರಿನ ಬಾಯಿ, ಅಷ್ಟಕ್ಕೇ ನಿಲ್ಲಬೇಕಲ್ಲ! ಓಕ್‌ಲ್ಯಾಂಡಿನ ಒಬ್ಬ ತಾತನಿಗೆ ಇಂಗ್ಲಿಷಿನಲ್ಲೇ "ಊಟ ಆಯ್ತಾ?" ಅಂದುಬಿಟ್ಟೆ.

ತಾತ ಕ್ಯಾಮೆರಾದ ಹತ್ತಿರಕ್ಕೆ ಬಗ್ಗಿದರು. "ಡಬ್ಬಿ ಸೂಪು ಕುಡಿದೆ. ಇದನ್ನ ಕೇಳೋರು ಮನೇಲಿ ಯಾರೂ ಇಲ್ಲಮ್ಮ" ಅಂದರು.

"ಡಬ್ಬಿ ಸೂಪೂ ಒಂದು ಊಟಾನಾ?" ಅಂತ ಇನ್ನೊಬ್ಬಾಕೆ ಸೊಪ್ಪು ಬೇಯಿಸೋದು ಹೇಗೆ ಅಂತ ಶುರು ಮಾಡಿದರು. ಮತ್ತೊಬ್ಬರು ಅದು ಹಾಗಲ್ಲ ಅಂದರು. ನಾನೂ "ಊಟ ಆಯ್ತಾ?" ಅಂತ ಕೇಳುತ್ತಲೇ ಹೋದೆ, ಬಂದವರೆಲ್ಲ ಹೇಳುತ್ತಲೇ ಹೋದರು. ಸಿನಿಮಾ ಶುರುವಾಗಲೇ ಇಲ್ಲ. ಪರದೆಯ ಮೂಲೆಯ ಚೌಕದಲ್ಲಿ ಆ ಸಿನಿಮಾದ ಡೈರೆಕ್ಟರು ಮುಖ ಊದಿಸಿಕೊಂಡು ಕೂತಿದ್ದರು. ತಡವಾಯಿತೆಂದು ಕ್ಷಮೆ ಕೇಳಿದೆ.

"ಅದಕ್ಕಲ್ಲ," ಅಂದರು, "ನನ್ನನ್ನ ಮಾತ್ರ ಯಾರೂ ಕೇಳಲಿಲ್ಲ."

ಆರೈಕೆ

ಮಾರನೆಯ ದಿನ ಆರೈಕೆಯ ಕಾರ್ಯಕ್ರಮ. ಎಲ್ಲರೂ ಕಣ್ಣು ಮುಚ್ಚಿ ಎದೆಯ ಮೇಲೆ ಕೈ ಇಟ್ಟುಕೊಂಡಿದ್ದೆವು. ನನ್ನ ಮೈಕು ಆಫ್ ಆಗಿದೆ ಅಂತ ನಾನು ತಿಳಿದಿದ್ದೆ. ಆಗ ಒಲೆ ಮೇಲಿದ್ದ ಕುಕ್ಕರು ಕೂಗಿತು.

ನಡೆಸಿಕೊಡುತ್ತಿದ್ದಾಕೆ ಸ್ವಲ್ಪವೂ ಅಲುಗಲಿಲ್ಲ. "ರೈಲು ಬಂತು. ನಿಮ್ಮ ದುಃಖವನ್ನ ಅದಕ್ಕೆ ಹತ್ತಿಸಿ ಕಳಿಸಿ" ಅಂದರು. ಯಾರೋ ಬಿಕ್ಕಿದರು. ನನಗೂ ಯಜಮಾನರ ನೆನಪಾಗಿ ಕಣ್ಣು ತುಂಬಿತು. ಅಷ್ಟು ಜನ ಅಳುತ್ತಿರುವಾಗ ಎದ್ದುಹೋಗಿ ರೈಲನ್ನ ಆಫ್ ಮಾಡೋದು ಹೇಗೆ?

ದುಃಖ ಹತ್ತಿತೋ ಇಲ್ಲವೋ, ಬೇಳೆ ಮಾತ್ರ ತಳ ಹತ್ತಿತು.

ಎರಡೆರಡು ಸಲ

ಕೊನೆಯ ದಿನ ನಮ್ಮ ನರ್ಸಮ್ಮ ಮಾತಾಡಬೇಕಿತ್ತು. ತೀರಿಹೋದ ತಮ್ಮನ ಬಗ್ಗೆ. ಆತ ಚಿತ್ರ ಬರೆಯುತ್ತಿದ್ದನಂತೆ. ಅಷ್ಟು ವರ್ಷ ಪಕ್ಕದಲ್ಲಿದ್ದೂ ಅವರಿಗೊಬ್ಬ ತಮ್ಮನಿದ್ದ ಅನ್ನೋದೇ ನನಗೆ ಗೊತ್ತಿರಲಿಲ್ಲ. ಅವರು ಬಾಯಿ ತೆರೆದದ್ದೇ ತಡ, ಪ್ರತಿ ಮಾತೂ ಎರಡೆರಡು ಸಲ ಕೇಳತೊಡಗಿತು. ನಮ್ಮ ಗೋಡೆ ತೆಳು. ಆ ಕಡೆಯ ಮಾತು ಗೋಡೆ ದಾಟಿ ನನ್ನ ಮೈಕಿಗೆ ಬರುತ್ತಿತ್ತು.

ಕಂಪ್ಯೂಟರ್ ನೋಡಿಕೊಳ್ಳುವವರು ಕೇಳಿದರು: "ನೀವಿಬ್ಬರೂ ಒಂದೇ ಮನೇಲಿದ್ದೀರಾ?"

"ಇಲ್ಲ, ಬೇರೆ ಬೇರೆ" ಅಂದೆ.

"ಎಷ್ಟು ದೂರ?"

"ಒಂದು ಗೋಡೆ."

ನರ್ಸಮ್ಮನ ಚೌಕ ಖಾಲಿಯಾಯಿತು. ಆಮೇಲೆ ನನ್ನ ಬಾಗಿಲು ಬಡಿದ ಸದ್ದು. ತೆರೆದರೆ, ಲ್ಯಾಪ್‌ಟಾಪನ್ನ ಮಗುವಿನ ಹಾಗೆ ಎತ್ತಿಕೊಂಡು ನಿಂತಿದ್ದಾರೆ! "ಅವನ ವಿಷಯ ಅಲ್ಲಿ ಒಬ್ಬಳೇ ಕೂತು ಹೇಳೋಕೆ ಆಗ್ತಿಲ್ಲ" ಅಂದರು. ಒಳಗೆ ಕರೆದು ಯಜಮಾನರ ಕುರ್ಚಿ ಎಳೆದುಕೊಟ್ಟೆ.

ಎರಡು ಲ್ಯಾಪ್‌ಟಾಪೂ ಅಕ್ಕಪಕ್ಕ ಬಂದದ್ದೇ ಕಿವಿ ಹರಿಯುವ ಹಾಗೆ ಕಿರುಚಿಕೊಂಡವು. ಆ ಕಡೆಯಿಂದ ಕಂಪ್ಯೂಟರಿನವರು ಕೈಮುಗಿಯುವುದೊಂದು ಬಾಕಿ: "ಅಮ್ಮಾ, ದಯವಿಟ್ಟು ನಿಮ್ಮ ಮನೆಗೆ ಹೋಗಿ!"

ನಮ್ಮ ಮನೆಯಲ್ಲಿ ಕೂತವರಿಗೆ ಯಾರಾದರೂ ಆ ಮಾತು ಹೇಳಿ ಎಷ್ಟು ಕಾಲವಾಗಿತ್ತೋ! ಹೋಗಬೇಕಾದರೆ ಮೊದಲು ಬರಬೇಕಲ್ಲ. ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ.

ನರ್ಸಮ್ಮ ಕಣ್ಣು ಒರೆಸಿಕೊಂಡು, ಕುರ್ಚಿ ಇನ್ನೂ ಹತ್ತಿರ ಎಳೆದುಕೊಂಡು, "ಹೋಗಲ್ಲ" ಅಂದರು.

ಅದೂ ಎಲ್ಲರಿಗೂ ಎರಡು ಸಲ ಕೇಳಿಸಿತು.