ಸಮಾಧಿಗೆ ಹೋದ ಕಂಪ್ಯೂಟರ್

ವಿಲಾಯಿತಿಯ ಎಜ್‌ವೇರಿನಲ್ಲಿದ್ದ ಚಂದ್ರಶೇಖರನಿಗೆ ಕಂಪ್ಯೂಟರ್ ಕಂಡರೆ ಭಯವಿರಲಿಲ್ಲ. ಕಂಪ್ಯೂಟರಿಗೇ ತನ್ನನ್ನು ಕಂಡರೆ ಭಯ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಆಫೀಸಿನಲ್ಲಿ ಹೆದರಿದವರಿಗೆ ಧೈರ್ಯ ಹೇಳುವುದೇ ಅವನ ಉದ್ಯೋಗ. ಯಾರದೋ ಪರದೆ ಕಪ್ಪಾಗುತ್ತದೆ, "ಸತ್ತೇ ಹೋಯ್ತು" ಎಂದು ಫೋನ್ ಬರುತ್ತದೆ. "ಸತ್ತಿಲ್ಲ, ತಾನಾಗಿಯೇ ಅಪ್‌ಡೇಟ್ ಆಗ್ತಿದೆ. ಮುಟ್ಟದೆ ಟೀ ಕುಡಿದು ಬನ್ನಿ" ಎನ್ನುತ್ತಾನೆ ಇವನು. ಅವರು ಟೀ ಕುಡಿದು ಬರುವಷ್ಟರಲ್ಲಿ ಎಲ್ಲ ಸರಿಯಾಗಿರುತ್ತದೆ. ದುಡಿದದ್ದು ಕಂಪ್ಯೂಟರ್, ಹೆಸರು ಬಂದದ್ದು ಇವನಿಗೆ!

ಇಂಥವನ ಹೆಂಡತಿ ಪ್ರತೀಕ್ಷಾಗೆ ಅಂದು ಹನ್ನೊಂದು ಗಂಟೆಗೆ ವಿಡಿಯೋ ಇಂಟರ್‌ವ್ಯೂ. ಊರಿನ ಕೌನ್ಸಿಲ್ ಲೈಬ್ರರಿಯಲ್ಲಿ ಕಾಯಂ ಕೆಲಸ. ಮನೆ, ಮಕ್ಕಳು ಎಂದು ವರ್ಷಗಟ್ಟಲೆ ಕೂತಿದ್ದವಳು ಎದೆ ಗಟ್ಟಿ ಮಾಡಿಕೊಂಡು ಅರ್ಜಿ ಹಾಕಿದ್ದಳು. ಈ ಸಲ ತಪ್ಪಿದರೆ ಇನ್ನೊಂದು ಸಲ ಹಾಕುವ ಧೈರ್ಯ ಅವಳಲ್ಲಿ ಉಳಿದಿರಲಿಲ್ಲ.

"ನನ್ನ ಫೋನಲ್ಲೇ ಮಾತಾಡ್ತೀನಿ ಬಿಡ್ರೀ" ಎಂದಳು.

"ನಾನಿರೋವಾಗ ಫೋನಲ್ಲಾ? ನನ್ನ ವರ್ಕ್‌ಸ್ಟೇಷನ್ ಕೊಡ್ತೀನಿ. ದೊಡ್ಡ ಪರದೆ, ಒಳ್ಳೆ ಕ್ಯಾಮೆರಾ. ನೀನು ತಲೆ ಬಾಚ್ಕೊಂಡು ಬಂದು ಕೂತ್ಕೋ, ಮಿಕ್ಕಿದ್ದು ನನಗೆ ಬಿಡು."

ಬಿಟ್ಟಳು. ಹತ್ತು ಗಂಟೆಗೆ ಅವನು ಯಂತ್ರ ಹಾಕಿದ್ದೇ ತಡ, ಪರದೆ ನೀಲಿಯಾಯಿತು, ಚುಕ್ಕಿಗಳು ಗಿರಗಿರ ತಿರುಗಿದವು, ಪಟ್ಟನೆ ಎಲ್ಲ ಕಪ್ಪಾಯಿತು. ಮೈಸೂರಿನಿಂದ ಬಂದಿದ್ದ ಅವನ ತಾಯಿ ವಿಶಾಲಾಕ್ಷಮ್ಮ ಸೋಫಾದಿಂದಲೇ ಕೇಳಿದರು: "ಶೇಖರ, ಕೆಟ್ಟೋಯ್ತೇನೋ?"

"ಕೆಟ್ಟಿಲ್ಲಮ್ಮ, ಅಪ್‌ಡೇಟ್. ಆರುತ್ತೆ, ಹತ್ಕೊಳ್ಳುತ್ತೆ, ಮತ್ತೆ ಆರುತ್ತೆ. ಕಂಪ್ಯೂಟರ್ ಮಾತ್ರ ಯಾರೂ ಮುಟ್ಟಬೇಡಿ" ಎಂದು ಅಪ್ಪಣೆ ಕೊಡಿಸಿ, ಕಾಫಿ ಬೆರೆಸಿಕೊಳ್ಳಲು ಅಡುಗೆಮನೆಗೆ ಹೋದ.

ಲೋಟ ಹಿಡಿದು ಬಂದಾಗಲೂ ಪರದೆ ಕಪ್ಪಾಗಿಯೇ ಇತ್ತು. ಪೆಟ್ಟಿಗೆಯೊಳಗಿನ ಫ್ಯಾನಿನ ಗುಂಯ್ ಸದ್ದೂ ಇಲ್ಲ, ಒಂದು ಸಣ್ಣ ದೀಪವೂ ಇಲ್ಲ.

"ಏನ್ರೀ ಇದು?" ಎಂದಳು ತಲೆ ಬಾಚಿಕೊಂಡು ಬಂದ ಪ್ರತೀಕ್ಷಾ.

"ಕೊನೆಯ ಹಂತ ಕಣೇ. ಋಷಿಗಳು ಸಮಾಧಿಗೆ ಹೋದ ಹಾಗೆ, ಉಸಿರು ಕೂಡ ನಿಂತಿರುತ್ತೆ. ಈಗ ಎಬ್ಬಿಸಿದರೆ ಶಾಪ."

"ಶಾಪ ತಟ್ಟೋದು ನನಗೆ ತಾನೆ?"

ಚಂದ್ರಶೇಖರ ಕೈಕಟ್ಟಿ ಪರದೆಯ ಎದುರು ಕೂತ. ಅನುಮಾನ ಅವನಿಗೂ ಶುರುವಾಗಿತ್ತು, ನಿಜ. ಆದರೆ ಊರಿಗೆಲ್ಲ ಬುದ್ಧಿ ಹೇಳುವವನು ಸ್ವಂತ ಮನೆಯಲ್ಲಿ ಹೆದರಿದರೆ ಮರ್ಯಾದೆ ಉಳಿದೀತೇ? ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು. ಹನ್ನೊಂದಾಗುತ್ತ ಬಂತು. ಪ್ರತೀಕ್ಷಾ ಗಡಿಯಾರ ನೋಡಿದಳು, ಗಂಡನ ಬೆನ್ನು ನೋಡಿದಳು, ಫೋನ್ ಎತ್ತಿಕೊಂಡು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದು ಅವನ ಗಮನಕ್ಕೇ ಬರಲಿಲ್ಲ.

ಅವಳು ಹೊರಗೆ ಬಂದಾಗಲೂ ಅವನು ಅದೇ ಭಂಗಿಯಲ್ಲಿದ್ದ. "ಇನ್ನು ಐದೇ ನಿಮಿಷ ಕಣೇ."

"ನನ್ನ ಇಂಟರ್‌ವ್ಯೂ ಮುಗೀತು ಕಣ್ರೀ" ಎಂದವಳೇ ಮೇಜಿನ ಕೆಳಗೆ ಬಗ್ಗಿ ನೋಡಿದಳು. ಗೋಡೆಯ ಸ್ವಿಚ್ ಆರಿತ್ತು.

ಚಂದ್ರಶೇಖರ ನಿಧಾನವಾಗಿ ತಾಯಿಯತ್ತ ತಿರುಗಿದ.

"ನಾನು ಕಂಪ್ಯೂಟರ್ ಮುಟ್ಟಲಿಲ್ಲಪ್ಪ" ಎಂದರು ವಿಶಾಲಾಕ್ಷಮ್ಮ. "ನೀನು ಕಾಫಿಗೆ ಹೋದಾಗ ಪರದೆ ಆರಿತ್ತಲ್ಲ, ಕೆಲಸ ಮುಗೀತು ಅಂತ ಗೋಡೆ ಸ್ವಿಚ್ ಆರಿಸಿದೆ. ಮೈಸೂರಲ್ಲಿ ಟಿವಿಗೂ ದಿನಾ ಹಾಗೇ ತಾನೆ ಮಾಡೋದು?"

ಸ್ವಿಚ್ ಹಾಕಿದರೆ ಅಪ್‌ಡೇಟ್ ಮೊದಲಿಂದ ಶುರುವಾಯಿತು. ಚಂದ್ರಶೇಖರ ಯಾರಿಗೂ ಟೀ ಕುಡಿಯಲು ಹೇಳಲಿಲ್ಲ.

ಸಂಜೆ ಲೈಬ್ರರಿಯಿಂದ ಫೋನ್ ಬಂತು. ಕೆಲಸ ಸಿಕ್ಕಿತ್ತು! ಮಾತು ಮುಗಿಸಿದ ಪ್ರತೀಕ್ಷಾ ಅತ್ತೆಯನ್ನು ತಬ್ಬಿಕೊಂಡು ಅತ್ತಳು. ಚಂದ್ರಶೇಖರನ ಕಣ್ಣೂ ಒದ್ದೆಯಾಯಿತು; ತನಗೆ ಕೆಲಸ ಸಿಕ್ಕಾಗಲೂ ಅವನಿಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. ಹತ್ತಿರದ ರೇನರ್ಸ್ ಲೇನಿನಲ್ಲಿದ್ದ ಗೆಳೆಯರಿಗೆ, ಮೈಸೂರಿನ ಬಂಧುಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ "ನನ್ನ ಹೆಂಡತಿ" ಎಂದು ಬೀಗಿದ. ಬೀಗಿ ಮುಗಿದ ಮೇಲೆ ಕೇಳಿದ: "ಅಲ್ಲ ಕಣೇ, ಅಷ್ಟು ಸಲೀಸಾಗಿ ಹೇಗೆ ಒಪ್ಪಿದ್ರು? ಏನು ಕೇಳಿದ್ರು?"

"ಎಲ್ಲ ತನಗೇ ಗೊತ್ತು ಅನ್ನೋ ಸಹೋದ್ಯೋಗಿ ಜೊತೆ ಹೇಗೆ ಏಗ್ತೀರಿ ಅಂತ ಕೇಳಿದ್ರು. ಮದುವೆ ಆದಾಗ್ನಿಂದ ಏಗ್ತಾ ಇದ್ದೀನಿ, ಈಗಲೂ ಪಕ್ಕದ ರೂಮಲ್ಲೇ ಕೂತಿದ್ದಾರೆ ಅಂದೆ. ಆಮೇಲೆ ಅವರು ಬೇರೆ ಪ್ರಶ್ನೆನೇ ಕೇಳಲಿಲ್ಲ."