ದೊಡ್ಡಪ್ಪನ ವಾಯುದಾಳಿ ತಾಲೀಮು

ನಮ್ಮ ದೊಡ್ಡಪ್ಪನಿಗೆ ಭೂಮಿಯ ಮೇಲೆ ಒಬ್ಬ ಶತ್ರುವೂ ಇಲ್ಲ. ಇರುವವರೆಲ್ಲ ಆಕಾಶದಲ್ಲಿ!

ಸೈನ್ಯದ ಕಾಲ್ದಳದಿಂದ ನಿವೃತ್ತರಾಗಿ ನಜರ್‌ಬಾದಿನ ಮನೆ ಸೇರಿ ಎಷ್ಟೋ ವರ್ಷವಾಯಿತು. ಯುದ್ಧ ಮಾತ್ರ ನಮ್ಮ ಟೆರೇಸಿನ ಮೇಲೆ ಇನ್ನೂ ನಡೆಯುತ್ತಿದೆ. ದೊಡ್ಡಮ್ಮ ಸ್ಟೀಲ್ ತಟ್ಟೆಯಲ್ಲಿ ಸಂಡಿಗೆ ಒಣಗಲು ಇಟ್ಟರೆ, "ಹೊಳೆಯೋ ತಟ್ಟೆ ಅಂದ್ರೆ ವಿಮಾನಕ್ಕೆ ನಾವೇ ವಿಳಾಸ ಕೊಟ್ಟಂಗೆ ಕಣೇ" ಎಂದು ದೊಡ್ಡಪ್ಪ ಅದರ ಮೇಲೆ ಬೇವಿನ ಸೊಪ್ಪು ಹರಡುತ್ತಾರೆ. ನೀವು ಕಹಿ ಸಂಡಿಗೆ ತಿಂದಿದ್ದೀರಾ? ನಾವು ತಿಂದಿದ್ದೇವೆ. ಬಿಳಿ ಕಾರು ಕೊಂಡ ಅಳಿಯನ ಗತಿಯಂತೂ ಕೇಳಲೇಬೇಡಿ. ಕಾಫಿ ಕುಡಿದು ಹೊರಗೆ ಬರುವಷ್ಟರಲ್ಲಿ ಕಾರಿಗೆಲ್ಲ ಕೆಮ್ಮಣ್ಣು ಬಳಿದಾಗಿತ್ತು!

ಅವರ ಜತೆ ಬೀದಿಯಲ್ಲಿ ಹೋಗುವಾಗ ಒಬ್ಬರಿಂದೊಬ್ಬರಿಗೆ ಐದು ಮಾರು ಅಂತರವಿರಬೇಕು. ಯಾಕೆ ದೊಡ್ಡಪ್ಪ ಎಂದು ಕೇಳಿದರೆ ಪಾಠ ಶುರು.

"ಹಿಂದೆಲ್ಲ ಸೈನ್ಯ ಹೊರಟರೆ ದಸರಾ ಮೆರವಣಿಗೆ ಇದ್ದಂಗೆ ಕಣಮ್ಮ. ಸಾಲು, ಬಾವುಟ, ಬ್ಯಾಂಡು. ವಿಮಾನ ಬಂತು ನೋಡು, ಸಾಲೆಲ್ಲ ಮುರಿದೋಯ್ತು. ಎದುರಿಗೆ ನೋಡ್ತಿದ್ದ ಸಿಪಾಯಿ ಮೇಲೂ ನೋಡೋದು ಕಲಿತ. ಹಗಲು ಅಡಗೋದು, ಕತ್ತಲಲ್ಲಿ ಸಾಗೋದು, ನಿಂತರೆ ಚೆದುರಿ ನಿಲ್ಲೋದು. ಒಂದು ಬಾಂಬಿಗೆ ಇಬ್ಬರು ಸಿಗಬಾರದು!"

"ಹೆಂಡ್ತಿ ಕೈಗೂ ಸಿಗಬಾರದು," ದೊಡ್ಡಮ್ಮ ಹಿಂದಿನಿಂದ ಕೂಗುತ್ತಾರೆ. ಮಂಡಿನೋವಿನ ಅವರು ಸದಾ ಹಿಂದೆಯೇ. "ಸಪ್ತಪದಿ ದಿನ ಸೆರಗಿಗೆ ಗಂಟು ಹಾಕಿದ್ರು, ತಪ್ಪಿಸ್ಕೊಳ್ಳೋಕೆ ಆಗ್ಲಿಲ್ಲ. ನಾವು ಜತೇಲಿ ನಡೆದಿದ್ದು ಅಷ್ಟೇ ಕಣಮ್ಮ!"

ಯುಗಾದಿಗೆ ಬೇವುಬೆಲ್ಲಕ್ಕೆ ಮೊದಲು ನಮಗೆ ತಾಲೀಮು. ಸೀಟಿ ಊದಿದ ಕೂಡಲೇ ಚೆದುರಿ ಬೋರಲು ಮಲಗಬೇಕು, ಕಿವಿ ಮುಚ್ಚಬೇಕು, ಬಾಯಿ ತೆರೆಯಬೇಕು. ಸ್ಫೋಟಕ್ಕೆ ಕಿವಿಯ ತಮಟೆ ಒಡೆಯಬಾರದಲ್ಲ!

ಹೋದ ತಿಂಗಳು ಕಡಕೊಳದ ಹತ್ತಿರ ನೆಂಟರ ಮದುವೆ. ಛತ್ರದ ಅಂಗಳದಲ್ಲಿ ವಿಡಿಯೋದವನು ಡ್ರೋನ್ ಹಾರಿಸಿದ. ದೊಡ್ಡಪ್ಪ ಕೂತಲ್ಲಿಂದ ಎದ್ದರು.

"ಇಳಿಸಯ್ಯಾ ಅದನ್ನ!"

"ಸಾರ್, ಮದುಮಗಳ ಎಂಟ್ರಿ ಸಾರ್!"

ಡ್ರೋನ್ ನೀರಿನ ಟ್ಯಾಂಕಿನ ಕೆಳಗೆ ತೂಗುತ್ತಿದ್ದ ಹೆಜ್ಜೇನಿನ ಗೂಡಿಗೆ ಹೊಡೆಯಿತು.

ಆ ಗುಂಯ್‌ ಸದ್ದು! ಈಗಲೂ ಮಿಕ್ಸಿ ತಿರುಗಿದರೆ ನನ್ನ ಕೈ ತಾನಾಗಿ ದುಪಟ್ಟಾ ಎಳೆದು ಮುಖ ಮುಚ್ಚಿಕೊಳ್ಳುತ್ತದೆ. ದೊಡ್ಡಪ್ಪ ಸೀಟಿ ಊದಿಯೇಬಿಟ್ಟರು. ಅಡುಗೆಯವರು, ಓಲಗದವರು, ಬುದ್ಧಿ ಇದ್ದವರೆಲ್ಲ ಒಳಗೆ ಓಡಿ ಬಾಗಿಲು ಹಾಕಿಕೊಂಡರು. ತಾಲೀಮು ಪಡೆದ ನಾವು ಮನೆಮಂದಿ ಮಾತ್ರ ರೇಷ್ಮೆ ಉಟ್ಟು, ಅಂಗಳದ ತುಂಬ ಅಲ್ಲಲ್ಲಿ ಬೋರಲು ಮಲಗಿ, ಹೆಜ್ಜೇನಿಗೆ ಬಾಯಿ ತೆರೆದುಕೊಂಡೆವು!

"ಎದ್ದು ಒಳಗೆ ಓಡ್ರೋ!" ತಪ್ಪು ಹೊಳೆದು ದೊಡ್ಡಪ್ಪನೇ ಅರಚಿದರು. ಓಡಿದೆವು. ಬಾಗಿಲಲ್ಲಿ ತಿರುಗಿ ನೋಡಿದರೆ ದೊಡ್ಡಮ್ಮ ಅಲ್ಲೇ ಬಿದ್ದಿದ್ದಾರೆ. ಮಂಡಿ ಎದ್ದೇಳಲು ಬಿಡಲಿಲ್ಲ. ಬೆನ್ನ ಮೇಲೆ ಕಪ್ಪಗೆ ಹುಳ ಕೂರುತ್ತಿದ್ದವು. ಹೊರಕ್ಕೆ ಹೋಗಲು ನನ್ನ ಕಾಲು ಹೊಸ್ತಿಲು ದಾಟಲಿಲ್ಲ. ದೊಡ್ಡಪ್ಪ ಜಮಖಾನ ಎಳೆದುಕೊಂಡು ಓಡಿದರು. ಅದನ್ನು ದೊಡ್ಡಮ್ಮನ ಮೇಲೆ ಹೊದಿಸಿದರು. ಅದು ಗಾಳಿಗೆ ಹಾರದಂತೆ ಮೇಲೆ ತಾವೇ ಮಲಗಿದರು. ಅಡುಗೆಯವರು ಒದ್ದೆ ಗೋಣಿಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸಿಕೊಂಡು ಬರುವವರೆಗೂ ಕದಲಲಿಲ್ಲ.

ಆಸ್ಪತ್ರೆಯಲ್ಲಿ ಎರಡು ದಿನ ಡಾಕ್ಟರು ದೊಡ್ಡಪ್ಪನ ಬಗ್ಗೆ ಏನೂ ಹೇಳಲಾಗದು ಎಂದರು. ಮೂರನೇ ದಿನ ಮಾತು ಬಂತು. ಅಳು ಮುಚ್ಚಿಕೊಳ್ಳಲು ನಾನು ತಮಾಷೆ ಮಾಡಿದೆ: "ಒಂದು ಬಾಂಬಿಗೆ ಇಬ್ಬರು ಸಿಗಬಾರದು ಅಂತಿದ್ರಲ್ಲ ದೊಡ್ಡಪ್ಪ?"

ಅವರು ನನ್ನ ದನಿಯ ಕಡೆಗೆ ಮುಖ ತಿರುಗಿಸಿದರು.

"ಮರಳುಗಾಡಲ್ಲಿ ವಿಮಾನ ಬಂದಾಗ ಎಲ್ಲರೂ ಚೆದುರಿ ಮಲಗಿದ್ವಿ. ನನ್ನ ಜೊತೆಗಾರನಿಗೆ ಏಟು ಬಿತ್ತು. ಬಾರೋ, ಹತ್ರ ಬಾರೋ ಅಂತ ಕೂಗ್ತಾನೇ ಇದ್ದ. ನಾನು ಏಳಲಿಲ್ಲ. ರೂಲು ಸರಿಯಾಗೇ ಇತ್ತು ಕಣಮ್ಮ, ಅದಕ್ಕೇ ಬದುಕಿದೀನಿ." ಉಸಿರು ಎಳೆದುಕೊಂಡರು. "ಇವಳು ಕೂಗಲೂ ಇಲ್ಲ."

ಊದಿಕೊಂಡ ಕಣ್ಣು ಇನ್ನೂ ತೆರೆಯುತ್ತಿರಲಿಲ್ಲ. ಹಾಸಿಗೆಯ ಮೇಲೆ ಕೈ ಆಡಿಸುತ್ತ, "ಎಲ್ಲಿ ಅವಳು?" ಎಂದರು.

ದೊಡ್ಡಮ್ಮ ಗಂಜಿ ಆರಿಸುವುದನ್ನು ನಿಲ್ಲಿಸಿ, ಆ ಕೈಯನ್ನು ಎತ್ತಿ ತಮ್ಮ ಕೆನ್ನೆಗೆ ಇಟ್ಟುಕೊಂಡರು.

"ಇಲ್ಲೇ ಇದೀನಲ್ರೀ."