ಮೂಗಿನ ಕೆಳಗಿನ ನೆರಳು

ಥಳಥಳಿಸುವ ಪಾತ್ರೆ ಕಂಡರೆ ನಾನು ಇವತ್ತಿಗೂ ಅದನ್ನೆತ್ತಿ ಬೆಳಕಿಗೆ ಹಿಡಿಯುತ್ತೇನೆ. ಬೇರೆ ಹೆಂಗಸರು ಬೆಳಗಿದ ತಂಬಿಗೆಯಲ್ಲಿ ಮುಖ ನೋಡಿಕೊಂಡು ಸಂತೋಷಪಡುತ್ತಾರೆ. ನಾನು ಅದರಲ್ಲಿ ಕಪ್ಪು ಎಲ್ಲಿದೆ ಎಂದು ಹುಡುಕುತ್ತೇನೆ. ನೀವೂ ನೋಡಿ, ಇದ್ದೇ ಇರುತ್ತದೆ. ಕಿಟಕಿಯ ಕಡೆಗೊಂದು ಬಿಳಿ ಚುಕ್ಕೆ, ಅದಕ್ಕೆ ಒತ್ತಿಕೊಂಡೇ ಒಂದು ಕಪ್ಪು ಗೆರೆ. ಆ ಗೆರೆ ಅಳಿಸಿದರೆ ಹೊಳಪೂ ಹೋಗುತ್ತದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ನಮಗೆ ಡ್ರಾಯಿಂಗ್ ಹೇಳುತ್ತಿದ್ದ ಸಿಸ್ಟರ್ ಕಲಿಸಿದ ಪಾಠವಿದು. ಲೋಹಕ್ಕೆ ತನ್ನದೆಂಬ ಬಣ್ಣವೇ ಇಲ್ಲ, ಸುತ್ತಲಿನದನ್ನು ಕಡ ತರುತ್ತದೆ, "ಇಟ್ ಓನ್ಲಿ ಬಾರೋಸ್, ಚೈಲ್ಡ್," ಎನ್ನುತ್ತಿದ್ದರು. ಬೆಳ್ಳಿ ಬಣ್ಣದ ಡಬ್ಬಿ ಮುಟ್ಟಿದವರ ಬೆರಳಿಗೆ ರೂಲರ್ ಬೀಳುತ್ತಿತ್ತು. ಶೇಡಿಂಗ್ ವಿಷಯದಲ್ಲಂತೂ ಅವರದು ಅಡುಗೆಯವರ ಶಿಸ್ತು. ನೆರಳೆಂದರೆ ಉಪ್ಪಿದ್ದ ಹಾಗೆ, ಒಂದು ಸಲ ಎಳೆ, ಬ್ರಶ್ ತೊಳೆ. "ಒನ್ಸ್, ಅಂಡ್ ವಾಶ್!" ರಜೆಗೆ ಮುದ್ದೇಬಿಹಾಳಕ್ಕೆ ಬಂದಾಗ ಅವ್ವನಿಗೆ ಈ ಜ್ಞಾನವನ್ನೆಲ್ಲ ಹೇಳುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತಲೇ, "ಹೌದೇನವಾ? ಆ ಮಡಿಕಿ ಇಲ್ಲಿ ಕೊಡು," ಎನ್ನುತ್ತಿದ್ದಳು.

ಎಪ್ಪತ್ತರ ದಶಕದ ನಡುವಿನಲ್ಲಿ ಇಂಡಿ ಊರಿನಿಂದ ನನ್ನನ್ನು ನೋಡಲು ಬಂದರು. ಅತ್ತೆಯಾಗಲಿದ್ದವರು ನನ್ನನ್ನು ನಡೆಸಿ ನೋಡಿದರು, ಜಡೆ ಬಿಚ್ಚಿಸಿ ನೋಡಿದರು, ಕೊನೆಗೆ ನನ್ನ ಅಂಗೈಯನ್ನು ಸಂತೆಯ ಬದನೆಕಾಯಿಯ ಹಾಗೆ ಹಿಂದೆ ಮುಂದೆ ತಿರುವಿ ನೋಡಿದರು.

"ಇಂಗ್ಲಿಷ್ ಸಾಲಿ ಕೈ. ಹತ್ತಿ ಹಂಗ ಐತಿ. ಮುಸುರಿ ತಿಕ್ಕಾಕ ಬರ್ತೈತೇನವಾ?"

"ಬರ್ತೈತ್ರಿ," ಅಂದೆ.

"ಬಾಯಿಗಂತೂ ಬರ್ತೈತಿ," ಎಂದು ಕೈ ಬಿಟ್ಟರು.

ಮಾವನವರು ಮೆತ್ತಗಿನ ಮನುಷ್ಯ. "ಇರಲಿ ಬಿಡ. ಹುಡುಗಿ ಚಿತ್ರಾ ಬಿಡಸ್ತಾಳಂತ. ನಮ್ಮೂರ ಸಾಲ್ಯಾಗ ಡ್ರಾಯಿಂಗ್ ಟೀಚರ್ ಜಾಗಾ ಖಾಲಿ ಐತಿ, ಕಮಿಟ್ಯಾಗ ನಾನೂ ಅದೇನಿ. ರುಖವತ ನೋಡೂಣು. ಕೈ ಚಲೋ ಇದ್ರ ಲಗ್ನಾದ ಮ್ಯಾಲೆ ಕೆಲಸಕ್ಕ ಹಚ್ಚೂಣು," ಎಂದರು.

ರುಖವತವೆಂದರೆ ಮದುವೆಯ ದಿನ ಹುಡುಗಿಯ ಕೈಕೆಲಸವನ್ನೆಲ್ಲ ಮೇಜಿನ ಮೇಲೆ ಹರಡಿ ಬೀಗರಿಗೆ ತೋರಿಸುವುದು. ಎಲ್ಲರ ಮನೆಯಲ್ಲೂ ಕಸೂತಿಯ ಕುಪ್ಪಸ, ಮಣಿಯ ತೋರಣ, ಸಕ್ಕರೆಯ ಗೊಂಬೆ. ನನ್ನ ಪಾಲಿಗೆ ಅದು ಇಂಟರ್‌ವ್ಯೂ. ಕುಂಬಾರರಿಂದ ಹೆಬ್ಬೆರಳುದ್ದದ ಮಣ್ಣಿನ ಗೊಂಬೆ ಮಾಡಿಸಿ ಒಂದಿಡೀ ಮದುವೆಯ ಮೆರವಣಿಗೆಯನ್ನೇ ನಿಲ್ಲಿಸಿದೆ. ಕಹಳೆ ಊದುವ ಬಾಜಾದವರು, ಹಂಡೆ ಕೊಡ ಹೊತ್ತ ಹೆಂಗಸರು, ಮುಂದಿನ ಸಾಲಿನಲ್ಲಿ ಬೀಗರು. ಮೂರು ತಿಂಗಳು ಹಿಡಿಯಿತು. ಕಹಳೆಯ ಹೊಟ್ಟೆಗೆ ಮಣ್ಣಿನ ಕಂದು, ಮೇಲೆ ಅರಿಷಿಣ ಹಳದಿ, ಅಂಚಿಗೆ ಹೆಚ್ಚುಕಡಿಮೆ ಕಪ್ಪು, ಆ ಕಪ್ಪಿನ ಮಗ್ಗುಲಿಗೆ ಸೂಜಿಮೊನೆಯಷ್ಟು ಬಿಳಿ. ಅಷ್ಟೇ, ಹಿತ್ತಾಳೆ ಮಿಂಚುತ್ತಿತ್ತು! ನಮ್ಮ ವೈನಿ, ಅಣ್ಣನ ಹೆಂಡತಿ, ಬಾಗಿಲಲ್ಲಿ ನಿಂತು, "ಟ್ರಂಕಿಗೆ ಹಚ್ಚೂ ಬೆಳ್ಳಿ ಬಣ್ಣ ತಂದ್ರ ಅರ್ಧಾ ತಾಸಿನ ಕೆಲಸ. ಕಣ್ಣ ಯಾಕ ಕಳಕೋತಿ?" ಎಂದಳು. ನಾನು ಕಾನ್ವೆಂಟ್ ನಗೆ ನಕ್ಕೆ. ಬೀಗರ ಸಾಲಿನಲ್ಲಿ, ನನ್ನನ್ನು ನೋಡಲು ಬಂದ ದಿನದ ಹಾಗೆಯೇ ಹಸಿರು ಇಳಕಲ್ ಸೀರೆಯುಟ್ಟು ನತ್ತು ಹಾಕಿಕೊಂಡವರು ಅತ್ತೆ. ಅವರಿಗೂ ಗಲ್ಲದ ಕೆಳಗೆ, ಮೂಗಿನ ಕೆಳಗೆ, ನಿಯಮದಂತೆ ಶೇಡಿಂಗ್.

ಮದುವೆಯ ದಿನ ಮಾವನವರು ಚಷ್ಮಾ ಏರಿಸಿ ಮೇಜಿನ ಮೇಲೆ ಬಗ್ಗಿದರು. ಕಹಳೆಯೊಂದನ್ನು ಉಗುರಿನಿಂದ ಕೆರೆದು, "ಇದು ಖರೇ ಹಿತ್ತಾಳಿ ಏನ?" ಎಂದರು. ಬಾಸಿಂಗದ ಕೆಳಗೆ ನನ್ನ ಕಣ್ಣು ತುಂಬಿತು. ಕೆಲಸ ಸಿಕ್ಕಿತೆಂದೇ ಲೆಕ್ಕ. ಮೊದಲ ದಿನದ ಕ್ಲಾಸಿಗೆ ಯಾವ ಸೀರೆ ಎಂದೂ ಯೋಚಿಸಿಬಿಟ್ಟೆ. ಅಷ್ಟರಲ್ಲಿ ಅತ್ತೆಯ ತಂಗಿ ಬಂದರು.

"ಅಕ್ಕಾ, ಇಲ್ಲಿ ಬಾ, ನೀನೂ ಅದಿ! ಸೀರಿ ನಿಂದ, ನತ್ತ ನಿಂದ," ಎಂದವರು ಗೊಂಬೆಯನ್ನು ಕಣ್ಣಿಗೆ ಹತ್ತಿರ ಹಿಡಿದು, "ಮೀಸಿ ಯಾರದ?" ಎಂದರು.

ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಅತ್ತೆ ನಗಲಿಲ್ಲ. ಗೊಂಬೆಯ ಮಾತೇ ಎತ್ತದೆ ಪಕ್ಕದ ಹಂಡೆಯೊಂದನ್ನು ಎರಡು ಬೆರಳಲ್ಲಿ ಎತ್ತಿದರು.

"ಹುಣಸಿಹಣ್ಣ ಕಾಣಲಾರದ ಹಂಡೆ. ನೋಡ್ರಿ, ಅಂಚಿಗೆಲ್ಲಾ ಕರಿ ಹತ್ತೈತಿ. ಹಿಂಗ ಮುಸುರಿ ತಿಕ್ಕಾಕಿ ಮಕ್ಕಳಿಗೇನ ಕಲಸ್ತಾಳ? ಮದಲ ಮನ್ಯಾಗ ತಾ ಕಲೀಲಿ."

ಮಾವನವರು ಚಷ್ಮಾ ತೆಗೆದು, ಧೋತರದ ತುದಿಯಿಂದ ಒರೆಸಿ, ಕಿಸೆಗೆ ಹಾಕಿಕೊಂಡರು. ಕಮಿಟಿ ಮೀಟಿಂಗ್ ಮುಗಿಯಿತು.

ಆ ಜಾಗಕ್ಕೆ ಸಿಂದಗಿ ಕಡೆಯ ಒಬ್ಬ ಮಾಸ್ತರ ಬಂದ. ನಮ್ಮ ಓಣಿಯ ಮಕ್ಕಳ ಡ್ರಾಯಿಂಗ್ ಪುಸ್ತಕದಲ್ಲಿ ಅವನ ಕಲೆ ನೋಡುತ್ತಿದ್ದೆ: ಎರಡು ಗುಡ್ಡ, ನಡುವೆ ಸೂರ್ಯ. ನನ್ನ ಮೆರವಣಿಗೆಗೆ ಏನಾಯಿತೆಂದರೆ, ನಾನು ಇಂಡಿಗೆ ಬಂದ ತಿಂಗಳಲ್ಲೇ ಮನೆಯ ಗೇಟಿಗೆ ಬಣ್ಣ ಹಚ್ಚಲು ಬಂದವನಿಗೆ ಅತ್ತೆ ಅಷ್ಟೂ ಗೊಂಬೆ ಕೊಟ್ಟು, ಉಳಿದ ಬೆಳ್ಳಿ ಬಣ್ಣ ಬಳಿಸಿದರು. ಹಂಡೆ, ಕಹಳೆ, ಸೀರೆ, ಕಣ್ಣು, ಹಲ್ಲು, ಎಲ್ಲ ಬೆಳ್ಳಿ. "ಈಗ ನೋಡ, ಹೆಂಗ ಲಕಾಲಕಾ ಅಂತಾವು!" ಎಂದರು. ಬಂದವರಿಗೆಲ್ಲ "ನಮ್ಮ ಸ್ವಸಿ ಮಾಡಿದ್ದು" ಎಂದು ತೋರಿಸತೊಡಗಿದ್ದೂ ಆಮೇಲೆಯೇ. ನಾನು ಅಡುಗೆಮನೆಯಲ್ಲಿ ಬೂದಿ ಹುಣಸೆಹಣ್ಣು ಹಿಡಿದು ಕೂತವಳು ಮೂವತ್ತು ವರ್ಷ ಏಳಲಿಲ್ಲ. ಬೆಳಗಿಟ್ಟ ಕೊಡವನ್ನು ಅತ್ತೆ ದಿನಾ ಕಿಟಕಿಗೆ ಹಿಡಿದು, "ಇಲ್ಲಿ ಕರಿ ಉಳದೈತಿ" ಎನ್ನುತ್ತಿದ್ದರು. ಒಮ್ಮೆ ತಾಳ್ಮೆ ಕೆಟ್ಟು, "ಅದು ರಿಫ್ಲೆಕ್ಷನ್ ರೀ ಅತ್ತಿ," ಎಂದುಬಿಟ್ಟೆ.

"ಹಂಗಾರ ಅದನ್ನೂ ತಿಕ್ಕು," ಎಂದರು.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು. ಈ ಕಥೆಯನ್ನು ನಾನು ಯಾರಿಗೆ ಹೇಳಿಲ್ಲ? ನಾದಿನಿಯರ ಸೊಸೆಯಂದಿರಿಗೆ, ಹಲ್ಲಿನ ಡಾಕ್ಟರಿಗೆ, ಬಸವನ ಬಾಗೇವಾಡಿಯ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆ. ಶೇಡಿಂಗ್ ಅಂದರೇನೆಂದು ಗೊತ್ತಿಲ್ಲದ ಜನರ ಕೈಯಲ್ಲಿ ಒಬ್ಬ ಆರ್ಟಿಸ್ಟಿನ ಬಾಳು ಹೇಗೆ ಬೂದಿಗೆ ಬಿತ್ತೆಂದು. ಎಲ್ಲರೂ "ಅಯ್ಯ ಪಾಪ" ಎನ್ನುತ್ತಾರೆ. ಹೋದ ತಿಂಗಳು ಕಪಾಟಿನಲ್ಲಿ ಆ ಬೀಗಿತಿ ಗೊಂಬೆ, ಅದೇ ಅತ್ತೆಯ ಗೊಂಬೆ, ಸಿಕ್ಕಿತು. ಬೆಳ್ಳಿ ಬಣ್ಣ ಸಿಪ್ಪೆ ಏಳುತ್ತಿತ್ತು. ಸಾಕ್ಷಿ ಸಿಕ್ಕಿತಲ್ಲ ಎಂದು ಉಗುರಿನಿಂದ ಮೆಲ್ಲಗೆ ಸುಲಿದು, ಮುಖ ಬಿಡಿಸಿ, ಭೂತಗನ್ನಡಿ ಹಿಡಿದೆ. ಮೂಗಿನ ಕೆಳಗೆ ತೆಳ್ಳಗೆ ಕಂದು ನೆರಳು, ಸಿಸ್ಟರ್ ಹೇಳಿದಷ್ಟೇ. ಅದನ್ನು ಯಾವ ಬೀಗಿತಿಯ ತಂಗಿಯೂ ಮೀಸೆ ಎನ್ನಲಾರಳು. ಅದರ ಮೇಲೆ ಇನ್ನೊಂದು ಎಳೆ ಇತ್ತು. ಅಚ್ಚ ಕಪ್ಪು. ಎರಡೂ ತುದಿ ತುಸು ಮೇಲಕ್ಕೆ ಹೊರಳಿತ್ತು.

ಅದನ್ನು ಎಳೆದ ಮಧ್ಯಾಹ್ನ ಚೆನ್ನಾಗಿ ನೆನಪಿದೆ. ಬದನೆಕಾಯಿಯಂತೆ ತಿರುವಿಸಿಕೊಂಡ ಅಂಗೈಯಲ್ಲಿ ಬ್ರಶ್ ಇತ್ತು. ತೊಳೆದಿರಲಿಲ್ಲ.

ಮರುದಿನವೇ ಅಂಗಡಿಯಿಂದ ಬೆಳ್ಳಿ ಬಣ್ಣದ ಸಣ್ಣ ಡಬ್ಬಿ ತರಿಸಿ ನಾನೇ ಬಳಿದಿಟ್ಟೆ. ಎರಡು ಕೋಟು.